ದುರಸ್ತಿಯ ನಕ್ಷೆಯೂ ಬಿಡಿಭಾಗದ ಹೆಸರೂ

೧

ನೇಗಿಲು ಮುರಿದರೆ ಬಡಗಿಗೆ ಅದರ ನಕ್ಷೆ ಬೇಕಾಗುವುದಿಲ್ಲ. ಮುರಿದ ಎಡೆ ಕಣ್ಣಿಗೆ ಕಾಣುತ್ತದೆ; ಕೈ ಬಲ್ಲ ಕೆಲಸವನ್ನು ಕೈಯೇ ಮಾಡಿ ಮುಗಿಸುತ್ತದೆ. ಗಡಿಯಾರವೂ ಒಂದು ಮಟ್ಟಿಗೆ ಹೀಗೆಯೇ. ಹಲ್ಲುಚಕ್ರವು ಹಲ್ಲುಚಕ್ರವನ್ನು ತಿರುಗಿಸುವ ಪರಿಯನ್ನು ನೋಡಿ ನಿಪುಣನಾದವನು ದೋಷವನ್ನು ಊಹಿಸಬಲ್ಲನು. ರೇಡಿಯೋ ಮೊದಲಾದ ವಿದ್ಯುದುಪಕರಣಗಳ ಸಂಗತಿಯೇ ಬೇರೆ. ಅವುಗಳಲ್ಲಿ ಹರಿಯುವುದು ಕಣ್ಣಿಗೆ ಕಾಣದು; ಕೆಟ್ಟ ಭಾಗವೂ ಒಳ್ಳೆಯ ಭಾಗವೂ ಹೊರನೋಟಕ್ಕೆ ಅನೇಕವೇಳೆ ಒಂದೇ ಸಮನಾಗಿರುತ್ತವೆ. ಆದಕಾರಣ ಇಂತಹ ಯಂತ್ರವನ್ನು ಸರಿಪಡಿಸಹೊರಟವನಿಗೆ ಕೈಯ ನೈಪುಣ್ಯದೊಡನೆ ಎರಡು ವಸ್ತುಗಳು ಅವಶ್ಯಕ. ಯಾವ ಭಾಗವು ಯಾವುದಕ್ಕೆ ಸೇರಿಕೊಂಡಿದೆಯೆಂಬುದನ್ನು ತಿಳಿಸುವ ನಕ್ಷೆ ಮೊದಲನೆಯದು. ಕೆಟ್ಟ ಭಾಗಕ್ಕೆ ಬದಲಿಯನ್ನು ಅಂಗಡಿಯಲ್ಲಿ ಕೇಳುವುದಕ್ಕೆ ಬೇಕಾದ ಅದರ ಹೆಸರು ಎರಡನೆಯದು.

ಈ ಎರಡೂ ದುರಸ್ತಿಗಾರನ ಕೈಗೆ ಸುಲಭವಾಗಿ ಬಂದವುಗಳಲ್ಲ. ಯಂತ್ರವನ್ನು ತಯಾರಿಸಿದವರು ತಾವಾಗಿಯೇ ಇವನ್ನು ಲೋಕಕ್ಕೆ ಹಂಚಿದರೆಂದು ಭಾವಿಸುವುದು ಚರಿತ್ರೆಗೆ ಒಪ್ಪುವುದಿಲ್ಲ. ಕೆಲವು ಸಂಗ್ರಹಕಾರರ ಶ್ರಮದಿಂದ, ಬಿಡಿಭಾಗದ ವರ್ತಕರ ಲಾಭಬುದ್ಧಿಯಿಂದ, ಯುದ್ಧಕಾಲದ ಅಭಾವದಿಂದ ಅವು ಬಹಿರಂಗಕ್ಕೆ ಬಂದವು. ಮುಂದೆ ಅರ್ಧ ಶತಮಾನ ಕಳೆಯುವುದರೊಳಗಾಗಿ ಮತ್ತೆ ಮರೆಯಾಗತೊಡಗಿದವು. ಈಗ ಕಾನೂನಿನ ಬಲದಿಂದ ಅವನ್ನು ಮರಳಿ ಪಡೆಯುವ ಯತ್ನವು ಅನೇಕ ದೇಶಗಳಲ್ಲಿ ನಡೆದಿದೆ. ಈ ಏಳುಬೀಳುಗಳ ಕಥೆ ನೂರು ವರ್ಷಗಳದು.

೨

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ನಿಲಯವು ೧೯೨೦ನೆಯ ನವೆಂಬರ್ ೨ರಂದು ಚುನಾವಣೆಯ ಫಲಿತಾಂಶವನ್ನು ಪ್ರಸಾರಮಾಡಿದ ಮೇಲೆ ಆ ದೇಶದಲ್ಲಿ ರೇಡಿಯೋದ ಹುಚ್ಚು ಹಬ್ಬಿತು. ಮೊದಲ ಕೆಲವು ವರ್ಷಗಳಲ್ಲಿ ಕೇಳುವವನೇ ಅನೇಕ ವೇಳೆ ಕಟ್ಟುವವನೂ ಆಗಿದ್ದನು. ಮಾಸಪತ್ರಿಕೆಗಳು ನಕ್ಷೆಗಳನ್ನು ಮುದ್ರಿಸುತ್ತಿದ್ದವು. ಜನರು ತಂತಿಯನ್ನು ಸುತ್ತಿ, ವಾಲ್ವುಗಳನ್ನು ಕೊಂಡುತಂದು, ಹಲಗೆಯ ಮೇಲೆ ಜೋಡಿಸಿ ಕೇಳುತ್ತಿದ್ದರು. ತಾನೇ ಕಟ್ಟಿದ ಯಂತ್ರದ ನಕ್ಷೆಯನ್ನು ಬೇರೊಬ್ಬರಿಂದ ಕೇಳಿ ತಿಳಿಯುವ ಪ್ರಮೇಯ ಆಗ ಇರಲಿಲ್ಲ.

೧೯೨೭ರ ಸುಮಾರಿನಿಂದ ಮನೆಯ ದೀಪದ ವಿದ್ಯುತ್ತಿನಿಂದಲೇ ನಡೆಯುವ ಸೆಟ್ಟುಗಳು ಬಳಕೆಗೆ ಬಂದವು. ಬ್ಯಾಟರಿಗಳ ತೊಡಕು ತಪ್ಪಿತು. ರೇಡಿಯೋ ಅಂದವಾದ ಮರದ ಪೆಟ್ಟಿಗೆಯನ್ನು ಸೇರಿ ಪಡಸಾಲೆಯ ಒಂದು ಸಾಮಾನಾಯಿತು. ಅದರೊಳಗೆ ಏನಿದೆಯೆಂಬುದು ಮನೆಯವರಿಗೆ ಬೇಕಿಲ್ಲದ ವಿಷಯವಾಯಿತು. ಕೆಟ್ಟಾಗ ಮಾತ್ರ ಅದು ಬೇಕಾಗುತ್ತಿತ್ತು. ಆಗ ಬಂದವನೇ ರೇಡಿಯೋ ದುರಸ್ತಿಗಾರನೆಂಬ ಹೊಸ ವೃತ್ತಿಯವನು. ಅವನ ಮುಂದೆ ಈ ದಿನ ಒಂದು ಕಂಪನಿಯ ಸೆಟ್ಟು, ನಾಳೆ ಇನ್ನೊಂದರದು. ತಯಾರಕರಾದರೋ ತಮ್ಮ ನಕ್ಷೆಗಳನ್ನು ತಾವು ನೇಮಿಸಿದ ಮಾರಾಟಗಾರರಿಗೆ ಕಳುಹಿಸುವುದೇ ವಾಡಿಕೆ. ಬೀದಿಯ ಮೂಲೆಯ ಸ್ವತಂತ್ರ ಕಸಬುದಾರನು ಅವರ ಲೆಕ್ಕಕ್ಕೆ ಬಾರದವನು. ಇದರ ಮೇಲೆ ೧೯೨೯ರ ಆರ್ಥಿಕ ಕುಸಿತ ಬಂದು ಅನೇಕ ಕಂಪನಿಗಳು ಮುಚ್ಚಿಹೋದವು. ಮಾಡಿದವರು ಅಳಿದರೂ ಅವರು ಮಾಡಿದ ಪೆಟ್ಟಿಗೆಗಳು ಮನೆಗಳಲ್ಲಿ ಉಳಿದವು. ಅವುಗಳ ನಕ್ಷೆಯನ್ನು ಯಾರಲ್ಲಿ ಕೇಳುವುದು?

ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವರಲ್ಲಿ ಜಾನ್ ಎಫ್. ರೈಡರ್ ಎಂಬಾತನು ಪ್ರಮುಖನು. ತಯಾರಕರಿಂದ ನಕ್ಷೆಗಳನ್ನು ದೊರಕಿಸಿ, ವಿಂಗಡಿಸಿ, ಆತನು ೧೯೩೧ರಲ್ಲಿ ನ್ಯೂಯಾರ್ಕಿನಿಂದ ಒಂದು ದೊಡ್ಡ ಸಂಪುಟವನ್ನು ಹೊರತಂದನು. ಅದರ ಹೆಸರಿನಲ್ಲಿಯೇ ‘ನಿರಂತರ’ ಎಂಬರ್ಥದ ಪದವಿತ್ತು. ಹಾಳೆಗಳನ್ನು ಹೊಲಿಯದೆ ಬಿಡಿಯಾಗಿ ಜೋಡಿಸಿದ್ದುದರಿಂದ ಹೊಸವು ಬಂದಂತೆಲ್ಲ ಸೇರಿಸಿಕೊಳ್ಳಬಹುದಾಗಿತ್ತು. ಹೀಗೆ ಹುಟ್ಟಿದ ಮಾಲೆಯು ೧೯೫೦ರ ದಶಕದ ಮೊದಲ ಭಾಗದವರೆಗೆ ಬೆಳೆದು ಇಪ್ಪತ್ತಮೂರು ಸಂಪುಟಗಳಾಯಿತು. ದುರಸ್ತಿಗಾರನು ಸೆಟ್ಟಿನ ಬೆನ್ನಿನ ಚೀಟಿಯಲ್ಲಿ ಕಂಪನಿಯ ಹೆಸರನ್ನೂ ಮಾದರಿಯ ಸಂಖ್ಯೆಯನ್ನೂ ಓದಿಕೊಂಡು, ಸೂಚಿಯಲ್ಲಿ ಪುಟವನ್ನು ಹುಡುಕಿ, ನಕ್ಷೆಯನ್ನು ಮುಂದೆ ಹರವಿಕೊಂಡು ಕೆಲಸಕ್ಕೆ ಕೂರುತ್ತಿದ್ದನು. ಹ್ಯೂಗೋ ಗರ್ನ್ಸ್‌ಬ್ಯಾಕನ ಪ್ರಕಟನ ಸಂಸ್ಥೆಯೂ ಅದೇ ಕಾಲದಲ್ಲಿ ಇಂತಹ ಗ್ರಂಥವನ್ನು ತಂದಿತು. ಷಿಕಾಗೋವಿನ ಎಂ. ಎನ್. ಬೀಟ್‌ಮನ್ ಹೆಚ್ಚಾಗಿ ಬೇಕಾಗುವ ನಕ್ಷೆಗಳನ್ನಷ್ಟೇ ಆಯ್ದು ಅಗ್ಗದ ಪುಸ್ತಕಗಳನ್ನು ಮಾಡಿದನು. ಇಂಗ್ಲೆಂಡಿನಲ್ಲಿ ರೇಡಿಯೋ ವ್ಯಾಪಾರದ ಒಂದು ಪತ್ರಿಕೆಯು ಒಂದೊಂದು ಸೆಟ್ಟಿಗೆ ಒಂದೊಂದು ಹಾಳೆಯಂತೆ ಸಾವಿರಕ್ಕೂ ಮಿಕ್ಕ ಹಾಳೆಗಳನ್ನು ಕಾಲಕ್ರಮದಲ್ಲಿ ಪ್ರಕಟಿಸಿತು.

ರೈಡರನ ಕ್ರಮದಲ್ಲಿ ಒಂದು ಕೊರತೆಯುಂಟು. ತಯಾರಕರು ಕೊಟ್ಟುದನ್ನು ಆತನು ಮುದ್ರಿಸಿದನು. ಅವರ ನಕ್ಷೆಯಲ್ಲಿ ತಪ್ಪಿದ್ದರೆ ಪುಸ್ತಕಕ್ಕೂ ಆ ತಪ್ಪು ಬರುತ್ತಿತ್ತು. ಒಬ್ಬೊಬ್ಬರ ಬರೆಯುವ ಸಂಕೇತವೂ ಒಂದೊಂದು ಬಗೆ. ಆದರೂ ಚೆದುರಿದ್ದುದು ಒಂದೆಡೆ ಕೂಡಿತೆಂಬುದೇ ಆ ಕಾಲಕ್ಕೆ ಮಹೋಪಕಾರವಾಯಿತು.

೩

ನಕ್ಷೆ ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೆಟ್ಟ ಭಾಗ ಇಂತಹುದೆಂದು ತಿಳಿದ ಮೇಲೆ ಅದನ್ನು ಎಲ್ಲಿಂದ ತರುವುದು, ಏನೆಂದು ಕೇಳುವುದು? ಆದಿಯಲ್ಲಿ ವಾಲ್ವುಗಳಿಗೆ ಒಬ್ಬೊಬ್ಬ ತಯಾರಕನು ತನಗೆ ತೋಚಿದ ಹೆಸರನ್ನಿಡುತ್ತಿದ್ದನು. ೧೯೩೩ರಲ್ಲಿ ಅಮೆರಿಕದ ರೇಡಿಯೋ ತಯಾರಕರ ಸಂಘವು ಒಂದು ನಿಯಮವನ್ನು ತಂದಿತು: ಹೆಸರಿನ ಮೊದಲ ಅಂಕೆಯು ವಾಲ್ವಿನ ತಂತುವಿಗೆ ಬೇಕಾದ ವೋಲ್ಟುಗಳನ್ನು ಸ್ಥೂಲವಾಗಿ ಸೂಚಿಸಬೇಕು, ಕೊನೆಯ ಅಂಕೆಯು ಒಳಗಿನ ಉಪಯುಕ್ತ ಅಂಗಗಳ ಎಣಿಕೆಯನ್ನು ತಿಳಿಸಬೇಕು. ಮಾರನೆಯ ವರ್ಷ ಯೂರೋಪಿನಲ್ಲಿ ಫಿಲಿಪ್ಸ್ ಮತ್ತು ಟೆಲಿಫುಂಕೆನ್ ಕಂಪನಿಗಳು ಒಡಗೂಡಿ ಬೇರೊಂದು ಕ್ರಮವನ್ನು ಏರ್ಪಡಿಸಿದವು. ಅದರಲ್ಲಿ ಮೊದಲ ಅಕ್ಷರ ‘ಇ’ ಎಂದಿದ್ದರೆ ತಂತುವಿಗೆ ಆರು ವೋಲ್ಟಿನಷ್ಟು ಬೇಕೆಂದೂ, ಎರಡನೆಯ ಅಕ್ಷರ ‘ಎಲ್’ ಎಂದಿದ್ದರೆ ಧ್ವನಿವರ್ಧಕಕ್ಕೆ ಬಲ ಕೊಡುವ ವಾಲ್ವೆಂದೂ ಅರ್ಥ. ೧೯೫೦ರ ದಶಕದ ‘ಇಎಲ್ ೮೪’ ಎಂಬ ಪ್ರಸಿದ್ಧ ವಾಲ್ವಿನ ಹೆಸರನ್ನು ಈ ರೀತಿಯಲ್ಲಿ ಬಿಡಿಸಿ ಓದಬಹುದು. ಅದೇ ವಾಲ್ವಿಗೆ ಅಮೆರಿಕದಲ್ಲಿ ‘೬ಬಿಕ್ಯೂ೫’ ಎಂದು ಹೆಸರು. ಒಂದನ್ನು ಕಳೆದುಕೊಂಡವನು ಇನ್ನೊಂದನ್ನು ಧೈರ್ಯವಾಗಿ ಹಾಕಬಹುದೆಂದು ಬಲ್ಲವನಿಗೆ ಅರ್ಧ ಕೆಲಸ ಆದಂತೆಯೇ.

ರೆಸಿಸ್ಟರುಗಳ ಮೇಲೆ ಅಂಕಿಗಳನ್ನು ಅಚ್ಚುಹಾಕುವುದಕ್ಕೆ ಎಡೆಯಿಲ್ಲದ ಕಾರಣ ಬಣ್ಣಗಳ ಭಾಷೆಯೊಂದು ೧೯೩೦ರ ದಶಕದಲ್ಲಿ ರೂಢಿಗೆ ಬಂದಿತು. ಕಪ್ಪಿಗೆ ಸೊನ್ನೆ, ಕಂದಿಗೆ ಒಂದು, ಕೆಂಪಿಗೆ ಎರಡು, ಕಿತ್ತಳೆಗೆ ಮೂರು. ಹೀಗೆ ಬಿಳುಪಿಗೆ ಒಂಬತ್ತು. ಮೈಯ ಬಣ್ಣ ಮೊದಲ ಅಂಕೆ, ತುದಿಯ ಬಣ್ಣ ಎರಡನೆಯದು, ನಡುವಿನ ಚುಕ್ಕೆ ಮುಂದಿನ ಸೊನ್ನೆಗಳ ಎಣಿಕೆ. ಹಸುರು ಮೈ, ಕಪ್ಪು ತುದಿ, ಕಿತ್ತಳೆಯ ಚುಕ್ಕೆ ಕಂಡರೆ ಐವತ್ತು ಸಾವಿರ ಓಮ್ ಎಂದು ತಿಳಿಯಬೇಕು. ಅಕ್ಷರಜ್ಞಾನವಿಲ್ಲದ ಹುಡುಗನೂ ಒಂದು ವಾರದಲ್ಲಿ ಕಲಿಯಬಹುದಾದ ವರ್ಣಮಾಲೆಯಿದು. ಯಾವ ದೇಶದ ಸೆಟ್ಟಿಗೂ ಸಲ್ಲುವಂತಹುದು.

ಬೆಲೆಗಳನ್ನು ಕಡಮೆ ಮಾಡಿದುದು ಇನ್ನೊಂದು ಉಪಾಯ. ಇಲ್ಲಿ ಬೆಲೆಯೆಂದರೆ ಹಣವಲ್ಲ, ಓಮುಗಳ ಪರಿಮಾಣ. ಹತ್ತು, ಹದಿನೈದು, ಇಪ್ಪತ್ತೆರಡು, ಮೂವತ್ತಮೂರು, ನಲವತ್ತೇಳು, ಅರವತ್ತೆಂಟು. ಮುಂದೆ ನೂರರಿಂದ ಮತ್ತೆ ಅದೇ ಕ್ರಮ. ಒಂದೊಂದೂ ಹಿಂದಿನದಕ್ಕಿಂತ ಸುಮಾರು ಒಂದೂವರೆಯಷ್ಟು ದೊಡ್ಡದು. ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಮೆಯನ್ನು ಸಹಿಸುವ ಯಂತ್ರಕ್ಕೆ ಇವುಗಳ ನಡುವೆ ಬೇರೊಂದು ಬೇಕಾಗುವುದೇ ಇಲ್ಲ. ಹತ್ತರ ಮೇಲ್ಮಿತಿ ಹನ್ನೆರಡಾದರೆ ಹದಿನೈದರ ಕೆಳಮಿತಿಯೂ ಹನ್ನೆರಡೇ. ಹಳೆಯ ಸೆಟ್ಟಿನ ಐವತ್ತು ಸಾವಿರದ ರೆಸಿಸ್ಟರು ಸುಟ್ಟರೆ ನಲವತ್ತೇಳು ಸಾವಿರದ್ದನ್ನು ಹಾಕಿದರೆ ಸಾಕು. ಈ ಪದ್ಧತಿಯು ೧೯೫೨ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗದ ಅಂಗೀಕಾರವನ್ನು ಪಡೆಯಿತು. ಒಂದು ಸಣ್ಣ ಅಂಗಡಿಯು ಕೆಲವೇ ಡಬ್ಬಿಗಳಲ್ಲಿ ಲೋಕದ ಸೆಟ್ಟುಗಳಿಗೆಲ್ಲ ಬೇಕಾದುದನ್ನು ಇಟ್ಟುಕೊಳ್ಳುವುದು ಇದರಿಂದ ಸಾಧ್ಯವಾಯಿತು.

ಬಿಡಿಭಾಗಗಳನ್ನು ಮಾರುವವರಿಗೆ ನಕ್ಷೆಯ ಪ್ರಚಾರದಿಂದ ಲಾಭವಿತ್ತು. ಯಾವ ಸೆಟ್ಟಿಗೆ ಯಾವ ಭಾಗ ಹೊಂದುತ್ತದೆಯೆಂದು ತಿಳಿಯದವನು ಏನನ್ನು ಕೊಂಡಾನು? ಇಂಡಿಯಾನಾಪೊಲಿಸ್ ನಗರದ ಮ್ಯಾಲರಿ ಕಂಪನಿಯು ಇದನ್ನರಿತು ೧೯೩೭ರಲ್ಲಿ ರೇಡಿಯೋ ದುರಸ್ತಿಯ ವಿಶ್ವಕೋಶವೊಂದನ್ನು ಪ್ರಕಟಿಸಿ, ಸೆಟ್ಟುಗಳ ಮಾದರಿಗಳನ್ನೂ ಅವಕ್ಕೆ ಒಪ್ಪುವ ತನ್ನ ಭಾಗಗಳನ್ನೂ ಎದುರುಬದುರಾಗಿ ಪಟ್ಟಿಮಾಡಿತು. ಆ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಹೊವರ್ಡ್ ಡಬ್ಲ್ಯು. ಸ್ಯಾಮ್ಸ್ ೧೯೪೬ರಲ್ಲಿ ಅದೇ ನಗರದಲ್ಲಿ ತನ್ನ ಸ್ವಂತ ಪ್ರಕಟನೆಯನ್ನು ಆರಂಭಿಸಿದನು. ‘ಫೋಟೋಫ್ಯಾಕ್ಟ್’ ಎಂಬುದು ಅದರ ಹೆಸರು. ಸ್ಯಾಮ್ಸನು ತಯಾರಕರ ನಕ್ಷೆಯನ್ನು ಹಾಗೆಯೇ ಅಚ್ಚುಹಾಕಲಿಲ್ಲ. ಅವನ ಕಡೆಯವರು ಸೆಟ್ಟನ್ನು ತಂದು, ಬಿಚ್ಚಿ, ಭಾಗಭಾಗವಾಗಿ ಅಳೆದು, ನಕ್ಷೆಯನ್ನು ಒಂದೇ ಸಂಕೇತಕ್ರಮದಲ್ಲಿ ತಾವೇ ಬರೆಯುತ್ತಿದ್ದರು. ಒಳಗಿನ ಛಾಯಾಚಿತ್ರಗಳು, ವಾಲ್ವಿನ ಒಂದೊಂದು ಕಾಲಿನಲ್ಲಿಯೂ ಇರಬೇಕಾದ ವೋಲ್ಟುಗಳು, ಪ್ರತಿಯೊಂದು ಭಾಗಕ್ಕೂ ಬೇರೆಬೇರೆ ಕಂಪನಿಗಳ ಬದಲಿ ಸಂಖ್ಯೆಗಳು, ಎಲ್ಲವೂ ಒಂದು ಮಡಿಕೆಯಲ್ಲಿ ಇರುತ್ತಿದ್ದವು. ತಯಾರಕನ ಮನೆಯ ಬಾಗಿಲು ಮುಚ್ಚಿದ್ದರೂ ಯಂತ್ರವನ್ನೇ ಕೇಳಿ ಉತ್ತರವನ್ನು ಪಡೆಯಬಹುದೆಂಬುದನ್ನು ಸ್ಯಾಮ್ಸನ ಕ್ರಮವು ತೋರಿಸಿಕೊಟ್ಟಿತು.

೪

ಎರಡನೆಯ ಮಹಾಯುದ್ಧವು ದುರಸ್ತಿಯ ಬೆಲೆಯನ್ನು ಸರ್ಕಾರಗಳಿಗೂ ಕಲಿಸಿತು. ಅಮೆರಿಕದಲ್ಲಿ ೧೯೪೨ನೆಯ ಏಪ್ರಿಲಿನಲ್ಲಿ ಮನೆಬಳಕೆಯ ರೇಡಿಯೋಗಳ ತಯಾರಿಕೆಯನ್ನು ನಿಲ್ಲಿಸಲಾಯಿತು. ಕಾರ್ಖಾನೆಗಳೆಲ್ಲ ಸೈನ್ಯದ ಕೆಲಸಕ್ಕೆ ತಿರುಗಿದವು. ಇದ್ದ ಸೆಟ್ಟುಗಳನ್ನೇ ನಡೆಸಿಕೊಂಡು ಹೋಗಬೇಕಾಯಿತು. ಈ ವಾಲ್ವಿಗೆ ಬದಲಾಗಿ ಯಾವುದನ್ನು ಹೇಗೆ ಅಳವಡಿಸಬಹುದೆಂಬ ಕೈಪಿಡಿಗಳಿಗೆ ಆ ವರ್ಷಗಳಲ್ಲಿ ಬಹಳ ಬೇಡಿಕೆ.

ಬ್ರಿಟನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ಸೆಟ್ಟುಗಳು ಕೆಟ್ಟು ಜನರಿಗೆ ಯುದ್ಧವಾರ್ತೆ ತಲಪದಂತಾಗಬಾರದೆಂದು ೧೯೪೪ರಲ್ಲಿ ‘ಯುದ್ಧಕಾಲದ ನಾಗರಿಕ ರೇಡಿಯೋ’ ಎಂಬ ಒಂದೇ ವಿನ್ಯಾಸವನ್ನು ಗೊತ್ತುಮಾಡಿ, ನಲವತ್ತಕ್ಕೂ ಹೆಚ್ಚು ಕಂಪನಿಗಳಿಂದ ಅದನ್ನು ಮಾಡಿಸಿದರು. ಅದಕ್ಕೆ ಅಲಂಕಾರವಿಲ್ಲ, ಪೆಟ್ಟಿಗೆಯ ಮೇಲೆ ತಯಾರಕನ ಹೆಸರು ಮೆರೆಯುವುದಿಲ್ಲ. ವಿದ್ಯುತ್ತಿನಿಂದ ನಡೆಯುವುದಕ್ಕೆ ಹನ್ನೆರಡು ಪೌಂಡು ಮೂರು ಷಿಲಿಂಗು ನಾಲ್ಕು ಪೆನ್ಸು ಬೆಲೆ. ನಕ್ಷೆ ಒಂದೇ ಆದುದರಿಂದ ಒಂದನ್ನು ಸರಿಮಾಡಬಲ್ಲವನು ಎಲ್ಲವನ್ನೂ ಸರಿಮಾಡಬಲ್ಲವನಾದನು. ಪರಸ್ಪರ ಸ್ಪರ್ಧಿಗಳಾದ ತಯಾರಕರು ಒಂದೇ ನಕ್ಷೆಗೆ ಒಪ್ಪಲಾರರೆಂಬ ಮಾತು ಅನುಭವಕ್ಕೆ ನಿಲ್ಲಲಿಲ್ಲ; ಒಪ್ಪಿಸುವವರಿದ್ದರೆ ಒಪ್ಪುತ್ತಾರೆ.

ಭಾರತದಲ್ಲಿ ಆಗ ರೇಡಿಯೋ ಬಹುಮಟ್ಟಿಗೆ ಹಡಗಿನಲ್ಲಿ ಬಂದಿಳಿಯುವ ವಸ್ತು. ೧೯೩೫ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ನಿಲಯವನ್ನು ಸ್ಥಾಪಿಸಿದಾಗ ಕನ್ನಡದ ದನಿಯು ಗಾಳಿಯಲ್ಲಿ ಹರಿಯತೊಡಗಿತು. ಅದನ್ನು ಕೇಳುವ ಪೆಟ್ಟಿಗೆಗಳ ವಾಲ್ವುಗಳಿಗೆ ಮಾತ್ರ ಹೊರದೇಶವನ್ನೇ ನೆಚ್ಚಬೇಕಾಗಿತ್ತು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನೂ ಮರುವರ್ಷ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ತಯಾರಿಕೆಯನ್ನೂ ಕೈಗೊಂಡಿತು. ಮುಂದೆ ಬೆಂಗಳೂರಿನ ಎಸ್. ಪಿ. ರಸ್ತೆ, ಮದರಾಸಿನ ರಿಚಿ ಬೀದಿ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಇವು ಬಿಡಿಭಾಗಗಳ ಪೇಟೆಗಳಾಗಿ ಹೆಸರುಪಡೆದವು. ಯಾವ ಪೇಟೆಯಾದರೂ ನಿಲ್ಲುವುದು ಗೊತ್ತಾದ ಹೆಸರುಗಳ ಮೇಲೆ. ಕೊಳ್ಳುವವನೂ ಮಾರುವವನೂ ಒಂದೇ ಸಂಖ್ಯೆಯನ್ನು ಹೇಳಬಲ್ಲರಾದರೆ ವ್ಯಾಪಾರ ಕುದುರುತ್ತದೆ, ಇಲ್ಲವಾದರೆ ಇಲ್ಲ.

ಟ್ರಾನ್ಸಿಸ್ಟರಿನ ಯುಗದಲ್ಲಿ ಈ ಹೆಸರುಗಳ ಕಥೆ ಮತ್ತೆ ಮೊದಲಾಯಿತು. ಅಮೆರಿಕದ ಹೆಸರುಗಳು ‘೨ಎನ್’ ಎಂದು ಆರಂಭವಾಗುತ್ತಿದ್ದವು. ಜಪಾನಿನವು ‘೨ಎಸ್‌ಎ’, ‘೨ಎಸ್‌ಸಿ’ ಮುಂತಾಗಿ ಇದ್ದವು. ಯೂರೋಪಿನಲ್ಲಿ ‘ಎ’ ಎಂದರೆ ಜರ್ಮೇನಿಯಮ್, ‘ಬಿ’ ಎಂದರೆ ಸಿಲಿಕಾನ್. ಎರಡನೆಯ ಅಕ್ಷರವು ಅದರ ಕೆಲಸವನ್ನು ಹೇಳುತ್ತಿತ್ತು. ಜಪಾನಿನ ಸಣ್ಣ ಟ್ರಾನ್ಸಿಸ್ಟರಿನ ಮೈಮೇಲೆ ‘ಸಿ೧೮೧೫’ ಎಂದಷ್ಟೇ ಇರುತ್ತದೆ. ಅದರ ಪೂರ್ಣನಾಮವು ‘೨ಎಸ್‌ಸಿ೧೮೧೫’ ಎಂಬುದನ್ನು ಅರಿಯದವನು ಯಾವ ಪುಸ್ತಕದಲ್ಲಿ ಹುಡುಕಿದರೂ ಅದನ್ನು ಕಾಣನು. ಕೆಲವು ತಯಾರಕರು ಸಾರ್ವಜನಿಕ ಸಂಖ್ಯೆಯನ್ನು ಅಳಿಸಿ ತಮ್ಮ ಮನೆಯ ಗುಪ್ತಸಂಖ್ಯೆಯನ್ನು ಮುದ್ರಿಸುವ ಪದ್ಧತಿಯನ್ನೂ ತಂದರು. ಇದಕ್ಕೆ ಎದುರಾಗಿ ಒಂದು ಸಂಖ್ಯೆಯನ್ನು ಇನ್ನೊಂದಕ್ಕೆ ಸರಿದೂಗಿಸುವ ದಪ್ಪ ಕೋಶಗಳು ಹುಟ್ಟಿದವು. ದುರಸ್ತಿಯ ಅಂಗಡಿಯಲ್ಲಿ ಅವು ಪಂಚಾಂಗದಷ್ಟು ನಿತ್ಯೋಪಯೋಗಿಗಳಾದವು.

ಆ ಕಾಲದಲ್ಲಿ ಹಲವು ತಯಾರಕರು ಉದಾರಿಗಳಾಗಿಯೂ ಇದ್ದರು. ರೇಡಿಯೋ ಪೆಟ್ಟಿಗೆಯ ಒಳಗೋಡೆಗೆ ನಕ್ಷೆಯನ್ನು ಅಂಟಿಸುವುದೂ, ಟೆಲಿವಿಷನ್ನಿನ ಜೊತೆಗೆ ನಕ್ಷೆಯನ್ನು ಮಡಿಚಿಟ್ಟು ಕೊಡುವುದೂ ಅಪರೂಪವಲ್ಲ. ಮನೆಯ ಕಂಪ್ಯೂಟರಿನ ಆದಿಯಲ್ಲಿಯೂ ಈ ಸಂಪ್ರದಾಯ ಉಳಿದಿತ್ತು. ಆಪಲ್ ೨ ಯಂತ್ರದ ೧೯೭೮ರ ಕೈಪಿಡಿಯಲ್ಲಿ ಅದರ ನಕ್ಷೆಯಿತ್ತು. ೧೯೮೧ರ ಐಬಿಎಂ ಪಿಸಿಯ ತಾಂತ್ರಿಕ ಕೈಪಿಡಿಯಲ್ಲಿ ನಕ್ಷೆಯೊಡನೆ ಯಂತ್ರವನ್ನು ಎಚ್ಚರಿಸುವ ಮೂಲಲೇಖನವೂ ಅಚ್ಚಾಗಿತ್ತು.

೫

ಇಷ್ಟು ಬೆಳಕಿದ್ದ ಮೇಲೆ ಕತ್ತಲೆ ಹೇಗೆ ಕವಿಯಿತು? ನೂರಾರು ಭಾಗಗಳ ಕೆಲಸವನ್ನು ಉಗುರಿನಷ್ಟಗಲದ ಒಂದು ಚಿಪ್ಪು ಮಾಡತೊಡಗಿದುದು ಒಂದು ಕಾರಣ. ಹೊಸದು ಅಗ್ಗವಾಗಿ, ದುರಸ್ತಿಯ ಕೂಲಿ ತುಟ್ಟಿಯಾದುದು ಎರಡನೆಯ ಕಾರಣ. ಇವೆರಡೂ ಕಾಲಧರ್ಮ, ಯಾರನ್ನೂ ದೂರುವಂತಿಲ್ಲ. ಮೂರನೆಯದು ಮಾತ್ರ ಬುದ್ಧಿಪೂರ್ವಕವಾದುದು. ದುರಸ್ತಿಯ ಕೈಪಿಡಿಯನ್ನು ವ್ಯಾಪಾರದ ಗುಟ್ಟೆಂದು ಗಣಿಸಿ, ತಾವು ನೇಮಿಸಿದವರಿಗೆ ಹೊರತು ಬೇರೆಯವರಿಗೆ ಕೊಡದಿರುವುದು ಹಲವು ತಯಾರಕರ ನೀತಿಯಾಯಿತು. ಅಮೆರಿಕದ ೧೯೯೮ರ ಡಿಜಿಟಲ್ ಕೃತಿಸ್ವಾಮ್ಯದ ಕಾನೂನು ತಂತ್ರಾಂಶದ ಬೀಗವನ್ನು ಮುರಿಯುವುದನ್ನು ನಿಷೇಧಿಸಿತು. ಕಳ್ಳಪ್ರತಿಗಳನ್ನು ತಡೆಯುವುದಕ್ಕೆಂದು ಹುಟ್ಟಿದ ಈ ನಿಷೇಧವು ತನ್ನದೇ ಯಂತ್ರವನ್ನು ಸರಿಮಾಡಿಕೊಳ್ಳುವವನನ್ನೂ ಕಾಡಿತು. ೨೦೧೮ರಲ್ಲಿ ಫೋನು ಮತ್ತು ಗೃಹೋಪಕರಣಗಳ ದುರಸ್ತಿಗೆ ಅದರಿಂದ ವಿನಾಯಿತಿ ದೊರೆಯಬೇಕಾಯಿತು. ಒಂದು ಭಾಗಕ್ಕೂ ಒಂದು ಯಂತ್ರಕ್ಕೂ ತಂತ್ರಾಂಶದಲ್ಲಿ ಗಂಟುಹಾಕಿ, ಅಸಲಿ ಭಾಗವನ್ನೇ ಬೇರೆ ಯಂತ್ರದಿಂದ ತೆಗೆದು ಹಾಕಿದರೂ ಒಪ್ಪದಂತೆ ಮಾಡುವ ಕ್ರಮವು ಆಮೇಲಿನದು. ಹಿಂದೆ ಹೆಸರು ತಿಳಿದರೆ ಭಾಗ ದೊರೆಯುತ್ತಿತ್ತು. ಈಗ ಭಾಗ ದೊರೆತರೂ ಯಂತ್ರದ ಅಪ್ಪಣೆ ಬೇಕಾಯಿತು.

೨೦೦೩ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೊದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಕೈಲ್ ವೀನ್ಸ್ ಮತ್ತು ಲ್ಯೂಕ್ ಸೂಲ್ಸ್ ಎಂಬಿಬ್ಬರು ಕೆಟ್ಟ ಲ್ಯಾಪ್‌ಟಾಪೊಂದನ್ನು ಸರಿಮಾಡಲು ಕುಳಿತರು. ಅದರ ಕೈಪಿಡಿ ಎಲ್ಲಿಯೂ ಸಿಗಲಿಲ್ಲ. ಆ ಅನುಭವದಿಂದ ‘ಐಫಿಕ್ಸಿಟ್’ ಎಂಬ ಸಂಸ್ಥೆ ಹುಟ್ಟಿತು. ಯಂತ್ರವನ್ನು ಕೊಂಡು, ಬಿಚ್ಚಿ, ಹಂತಹಂತವಾಗಿ ಛಾಯಾಚಿತ್ರಗಳನ್ನು ತೆಗೆದು, ದುರಸ್ತಿಯ ಮಾರ್ಗವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುವುದು, ಬಿಡಿಭಾಗಗಳನ್ನೂ ಸಲಕರಣೆಗಳನ್ನೂ ಮಾರಿ ಜೀವಿಸುವುದು ಅದರ ಕ್ರಮ. ೧೯೩೭ರ ಮ್ಯಾಲರಿಯ ವ್ಯಾಪಾರಬುದ್ಧಿಯೂ ೧೯೪೬ರ ಸ್ಯಾಮ್ಸನ ಕಾರ್ಯಪದ್ಧತಿಯೂ ಒಂದುಗೂಡಿ ಮತ್ತೆ ಅವತರಿಸಿದಂತೆ ಇದು ತೋರುತ್ತದೆ.

ಆದರೆ ಸಂಗ್ರಹಕಾರರ ಶ್ರಮವೊಂದರಿಂದಲೇ ತಂತ್ರಾಂಶದ ಬೀಗವು ತೆರೆಯಲಾರದು. ಆದುದರಿಂದ ವಿಷಯವು ಶಾಸನಸಭೆಗಳನ್ನು ಮುಟ್ಟಿತು. ಫ್ರಾನ್ಸ್ ದೇಶವು ೨೦೨೧ರ ಜನವರಿಯಲ್ಲಿ ಫೋನು, ಲ್ಯಾಪ್‌ಟಾಪು, ಟೆಲಿವಿಷನ್ನು ಮೊದಲಾದವುಗಳ ಮೇಲೆ ದುರಸ್ತಿಯ ಸುಲಭತೆಗೆ ಅಂಕವನ್ನು ನಮೂದಿಸಬೇಕೆಂದು ವಿಧಿಸಿತು. ಕೈಪಿಡಿ ದೊರೆಯುವುದೇ, ಬಿಡಿಭಾಗ ದೊರೆಯುವುದೇ ಎಂಬುವು ಅದರ ಮಾನದಂಡಗಳಲ್ಲಿ ಸೇರಿದ್ದವು. ಅದೇ ವರ್ಷದ ಮಾರ್ಚಿಯಿಂದ ಯೂರೋಪಿನ ಒಕ್ಕೂಟದಲ್ಲಿ ಬಟ್ಟೆ ಒಗೆಯುವ ಯಂತ್ರ, ಶೀತಲಪೆಟ್ಟಿಗೆ, ಟೆಲಿವಿಷನ್ನು ಮುಂತಾದವುಗಳಿಗೆ ಏಳರಿಂದ ಹತ್ತು ವರ್ಷಗಳವರೆಗೆ ಬಿಡಿಭಾಗಗಳನ್ನು ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿತು; ೨೦೨೫ರ ಜೂನಿನಿಂದ ಫೋನುಗಳಿಗೂ ಅಂತಹ ನಿಯಮ ವಿಸ್ತರಿಸಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾನೂನಿಗೆ ೨೦೨೨ರ ಡಿಸೆಂಬರಿನಲ್ಲಿ ಅಂಕಿತ ಬಿದ್ದಿತು. ಮಿನೆಸೋಟ ಮತ್ತು ಕ್ಯಾಲಿಫೋರ್ನಿಯಗಳು ಮರುವರ್ಷ ಹಿಂಬಾಲಿಸಿದವು. ಭಾಗಕ್ಕೂ ಯಂತ್ರಕ್ಕೂ ಗಂಟುಹಾಕುವ ಪದ್ಧತಿಯನ್ನೇ ತಡೆಯುವ ಕಾನೂನನ್ನು ೨೦೨೪ರಲ್ಲಿ ಆರೆಗಾನ್ ರಾಜ್ಯವು ಮೊಟ್ಟಮೊದಲು ಮಾಡಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಜುಲೈಯಲ್ಲಿ ಈ ಹಕ್ಕಿನ ವಿಚಾರಕ್ಕೆ ಒಂದು ಸಮಿತಿಯನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ತಯಾರಕರ ದುರಸ್ತಿ ಮಾಹಿತಿಯನ್ನು ಒಂದೆಡೆ ಕೂಡಿಸುವ ಅಂತರ್ಜಾಲ ತಾಣವನ್ನು ತೆರೆಯಿತು.

ತಯಾರಕರ ಪಕ್ಷದಲ್ಲಿಯೂ ಹೇಳುವುದಕ್ಕೆ ಮಾತುಂಟು. ಅರಿಯದವನು ಬಿಚ್ಚಿದರೆ ಅಪಾಯ, ಲಿಥಿಯಮ್ ಬ್ಯಾಟರಿಗೆ ಬೆಂಕಿ ಹತ್ತಬಹುದು ಎಂಬುದು ಅವರ ವಾದ. ಇದು ಸುಳ್ಳಲ್ಲ. ಆದರೆ ಹಳೆಯ ಬಣ್ಣದ ಟೆಲಿವಿಷನ್ನಿನ ಚಿತ್ರನಾಳದಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ತಿದ್ದಿತು. ಅದರ ನಕ್ಷೆಯನ್ನು ಆಗ ಬಚ್ಚಿಡಲಿಲ್ಲ, ಎಚ್ಚರಿಕೆಯ ಮಾತನ್ನು ಸೇರಿಸಿ ಅಚ್ಚುಹಾಕಿದರು. ಅಪಾಯವಿದೆಯೆಂಬುದು ತಿಳಿವಳಿಕೆಯನ್ನು ಕೊಡುವುದಕ್ಕೆ ಕಾರಣವಾಗಬೇಕಲ್ಲದೆ ಮುಚ್ಚಿಡುವುದಕ್ಕೆ ಕಾರಣವಾಗಲಾರದು. ಹೊಸ ವಿನ್ಯಾಸದ ಗುಟ್ಟನ್ನು ಸ್ಪರ್ಧಿಗಳಿಂದ ಕಾಯುವುದು ನ್ಯಾಯವೇ. ಆದರೆ ಯಂತ್ರವನ್ನು ಕೊಂಡು ಬಿಚ್ಚುವ ಶಕ್ತಿಯಿರುವ ಸ್ಪರ್ಧಿಗೆ ಕೈಪಿಡಿಯ ಅಗತ್ಯ ಕಡಮೆ. ಅದಿಲ್ಲದೆ ನಿಜವಾಗಿ ಸೋಲುವವನು ಒಂದು ಮೇಜು, ಒಂದು ಬೆಸುಗೆಯ ಕಡ್ಡಿ, ಒಂದು ಮೀಟರು ಇಟ್ಟುಕೊಂಡು ಸಂಸಾರವನ್ನು ಸಾಗಿಸುವ ಬೀದಿಯ ದುರಸ್ತಿಗಾರನು. ಅವನೊಡನೆ ಅವನನ್ನು ನಂಬಿದ ಮನೆಯವರು.

ಒಡೆತನವೆಂಬುದು ಹಣವನ್ನು ಕೊಟ್ಟು ರಸೀದಿಯನ್ನು ಪಡೆದಲ್ಲಿಗೆ ಮುಗಿಯತಕ್ಕ ವಿಷಯವಲ್ಲ. ಕೆಟ್ಟಾಗ ತನಗೆ ಬೇಕಾದವರ ಕೈಯಲ್ಲಿ ಸರಿಮಾಡಿಸಿಕೊಳ್ಳಲಾರದ ವಸ್ತುವು ಒಂದರ್ಥದಲ್ಲಿ ಬಾಡಿಗೆಯ ವಸ್ತುವೇ. ರೈಡರನ ಬಿಡಿಹಾಳೆಗಳೂ ರೆಸಿಸ್ಟರಿನ ಬಣ್ಣಗಳೂ ಎಸ್. ಪಿ. ರಸ್ತೆಯ ಅಂಗಡಿಯವನು ಬಾಯಿಪಾಠವಾಗಿ ಹೇಳುವ ಸಂಖ್ಯೆಗಳೂ ಒಂದೇ ಸತ್ಯವನ್ನು ಬೇರೆ ಬೇರೆ ರೀತಿಯಲ್ಲಿ ಸಾರುತ್ತವೆ: ನಕ್ಷೆ ಎಲ್ಲರದಾಗಿ, ಹೆಸರು ಎಲ್ಲರಿಗೂ ತಿಳಿದಿರುವಲ್ಲಿ ಯಂತ್ರವು ತನ್ನನ್ನು ಮಾಡಿದವರಿಗಿಂತ ಹೆಚ್ಚು ಕಾಲ ಬಾಳುತ್ತದೆ. ೧೯೩೦ರ ದಶಕದ ಎಷ್ಟೋ ರೇಡಿಯೋಗಳು ಇಂದಿಗೂ ಹಾಡುತ್ತಿವೆ. ಅವುಗಳನ್ನು ತಯಾರಿಸಿದ ಕಂಪನಿಗಳಲ್ಲಿ ಹೆಚ್ಚಿನವು ಇಲ್ಲವಾಗಿವೆ. ಅವುಗಳ ನಕ್ಷೆ ಮಾತ್ರ ಉಳಿದಿದೆ.